ರೆಡ್ ಕ್ಯಾಡೋನನ್ನು ಐದನೇ ಸಲ ಮೆಲ್ಬರ್ನ್‌ಗೆ ಕರೆದೊಯ್ದದ್ದು ಸರಿಯಾ? ವಯಸ್ಸಾದ ಕುದುರೆ, ಟ್ರೇನರ್ ಆಸೆ: ಚರ್ಚೆ

ಹಳೇ ಪೆವಿಲಿಯನ್:
ನವೆಂಬರ್ ಬಂತು ಅಂದ್ರೆ ಆಸ್ಟ್ರೇಲಿಯಾದ ದೊಡ್ಡ ಕುದುರೆ ರೇಸ್ ಮೆಲ್ಬರ್ನ್ ಕಪ್ ಮಾತು ಶುರುವಾಗುತ್ತೆ. ಗೆದ್ದ ಕುದುರೆಗಳ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಆ ಕಪ್ ಗೆಲ್ಲದ ಒಂದು ಕುದುರೆ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕು.

ರೆಡ್ ಕ್ಯಾಡೋ. 2006ರಲ್ಲಿ ಹುಟ್ಟಿದ ಕೆಂಚು ಕುದುರೆ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ಟ್ರೇನರ್ ಎಡ್ ಡನ್‌ಲಪ್ ಅವರ ಲಾಯದಲ್ಲಿದ್ದ. ಮಾಲೀಕರು ಹಾಂಗ್‌ಕಾಂಗ್‌ನ ರಾನಿ ಅರ್ಕುಲಿ. 2011ರಿಂದ 2015ರವರೆಗೆ ಒಂದು ವರ್ಷವೂ ತಪ್ಪದೆ ಮೆಲ್ಬರ್ನ್ ಕಪ್ ಓಡಿದ. 2011ರಲ್ಲಿ ಎರಡನೇ ಸ್ಥಾನ, 2012ರಲ್ಲಿ ಎಂಟನೇ ಸ್ಥಾನ, 2013ರಲ್ಲಿ ಮತ್ತೆ ಎರಡನೇ, 2014ರಲ್ಲಿ ಮತ್ತೊಮ್ಮೆ ಎರಡನೇ. ಆ ಕಪ್‌ನಲ್ಲಿ ಮೂರು ಸಲ ಎರಡನೇ ಬಂದ ಕುದುರೆ ಬೇರೆ ಇಲ್ಲ. ಐದನೇ ಸಲ ಓಡುವಾಗ ಅವನಿಗೆ ಒಂಬತ್ತು ವರ್ಷ. ಮುಂಗಾಲು ಮುರಿಯಿತು. ಕೆಲವೇ ದಿನಗಳಲ್ಲಿ ಹೋಗಿಬಿಟ್ಟ.

ಅವತ್ತಿನಿಂದಲೂ ಜನ ಕೇಳುವ ಪ್ರಶ್ನೆ ಒಂದೇ. ವಯಸ್ಸಾದ ಕುದುರೆಯನ್ನು ಅಷ್ಟು ದೂರ ಮತ್ತೆ ಯಾಕೆ ಕರೆದುಕೊಂಡು ಹೋದರು? ಅದು ಆಸೆಬುರುಕತನವಾ? ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಅವತ್ತು ಡನ್‌ಲಪ್ ಮುಂದೆ ಇದ್ದ ವಿಷಯಗಳನ್ನು ನೋಡಿದರೆ ಅವರ ಆಸೆಗೆ ಗಟ್ಟಿ ಕಾರಣಗಳಿದ್ದವು. ಒಪ್ಪದವರು ಬರೆಯಿರಿ, ಮಾತಾಡೋಣ.

ಮೆಲ್ಬರ್ನ್ ಕನ್ನಡತಿ:
ಇಲ್ಲಿ ಇದ್ದವರಿಗೆ ಆ ಕುದುರೆ ಅಂದ್ರೆ ಮನೆಯವನ ಹಾಗೆ ಆಗಿಬಿಟ್ಟಿದ್ದ ಸರ್. ಮೆಲ್ಬರ್ನ್‌ನಲ್ಲಿ ಕಪ್ ದಿನ ಸಾರ್ವಜನಿಕ ರಜೆ. ನವೆಂಬರ್ ಮೊದಲ ಮಂಗಳವಾರ. ಕುದುರೆ ರೇಸ್ ಬಗ್ಗೆ ಏನೂ ಗೊತ್ತಿಲ್ಲದವರೂ ಅವತ್ತು ಆಫೀಸಿನಲ್ಲೋ ಮನೆಯಲ್ಲೋ ಚೀಟಿ ಎತ್ತಿ ಒಂದು ಕುದುರೆ ಹೆಸರು ಹಿಡಿದುಕೊಂಡು ಕೂರುತ್ತಾರೆ. ರೆಡ್ ಕ್ಯಾಡೋ ಹೆಸರು ಬಂದವರಿಗೆ ಖುಷಿಯೋ ಖುಷಿ. ಗೆಲ್ಲದಿದ್ದರೂ ಹತ್ತಿರ ಬಂದೇ ಬರುತ್ತಾನೆ ಅನ್ನುವ ನಂಬಿಕೆ.

2011ರ ರೇಸ್ ನೋಡಿ. 3200 ಮೀಟರ್ ಓಡಿ ಬಂದು, ಫ್ರಾನ್ಸಿನ ಡುನಾಡೆನ್ ಜೊತೆ ಗುರಿ ಮುಟ್ಟಿದ. ಡುನಾಡೆನ್ ಮೇಲೆ ಕ್ರಿಸ್ಟೋಫ್ ಲೆಮೇರ್, ನಮ್ಮ ರೆಡ್ ಮೇಲೆ ಮೈಕಲ್ ರಾಡ್. ಕಣ್ಣಿಗೆ ಇಬ್ಬರೂ ಒಂದೇ. ಫೋಟೋ ಫಿನಿಶ್‌ಗೆ ಹೋಯಿತು. ಫೋಟೋದಲ್ಲೂ ಮೂಗಿನ ತುದಿಯಷ್ಟೇ ವ್ಯತ್ಯಾಸ. ತಲೆ ಮೇಲೆ ಕೆಳಗೆ ಆಡುವ ಆ ಒಂದು ಕ್ಷಣದಲ್ಲಿ ಡುನಾಡೆನ್ ತಲೆ ಮುಂದಿತ್ತು, ಅಷ್ಟೇ.

ಕುಣಿಗಲ್ ಹುಡುಗ:
ನನಗೆ ರೇಸ್ ವಿಷಯ ಜಾಸ್ತಿ ಗೊತ್ತಿಲ್ಲ. ನಮ್ಮೂರಿನ ಸ್ಟಡ್ ಫಾರ್ಮ್ ಗೋಡೆ ಪಕ್ಕ ಓಡಾಡಿ ಬೆಳೆದವನು, ಕುದುರೆ ಅಂದ್ರೆ ಇಷ್ಟ. ಒಂದು ಅನುಮಾನ. ಇಂಗ್ಲೆಂಡಿನಲ್ಲೇ ಅಷ್ಟೊಂದು ರೇಸ್ ಇದೆಯಲ್ಲ? ಅಲ್ಲೇ ಓಡಿಸಬಹುದಿತ್ತು. ಭೂಮಿಯ ಆ ಕಡೆಗೆ ಯಾಕೆ ಹೋಗಬೇಕು?

ಹಳೇ ಪೆವಿಲಿಯನ್:
ಒಳ್ಳೆ ಪ್ರಶ್ನೆ ತಮ್ಮಾ. ಮೊದಲನೆಯದು, ರೆಡ್ ಕ್ಯಾಡೋ ಗೆಲ್ಡಿಂಗ್. ಬೀಜ ತೆಗೆಸಿದ ಗಂಡು. ಅವನಿಂದ ಮರಿ ಹುಟ್ಟಲ್ಲ. ಹೆಸರು ಮಾಡಿದ ಗಂಡು ಕುದುರೆಗಳು ಮೂರು, ನಾಲ್ಕು ವರ್ಷಕ್ಕೇ ಓಟ ನಿಲ್ಲಿಸಿ ಸ್ಟಡ್ ಫಾರ್ಮ್ ಸೇರುತ್ತವೆ. ಗೆಲ್ಡಿಂಗ್‌ಗೆ ಆ ದಾರಿ ಇಲ್ಲ. ಓಡುವುದೇ ಅದರ ಬದುಕು. ಯುರೋಪಿನ ದೊಡ್ಡ ರೇಸ್, ಪ್ಯಾರಿಸ್‌ನ ಆರ್ಕ್ ಡಿ ಟ್ರಿಯಂಫ್, ಅದಕ್ಕೆ ಆಗ ಗೆಲ್ಡಿಂಗ್‌ಗಳಿಗೆ ಪ್ರವೇಶವೇ ಇರಲಿಲ್ಲ.

ಎರಡನೆಯದು ಹಣ. ಉದ್ದ ಓಟದ ಕುದುರೆಗಳಿಗೆ ಇಂಗ್ಲೆಂಡಿನಲ್ಲಿ ಬಹುಮಾನ ಕಡಿಮೆ. ಮೆಲ್ಬರ್ನ್ ಕಪ್‌ನ ಒಟ್ಟು ಬಹುಮಾನ ಆಗಲೇ 60 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತ್ತು. ಅಲ್ಲಿ ಎರಡನೇ ಬಂದರೂ ಆ ಕುದುರೆಯನ್ನು ವರ್ಷಪೂರ್ತಿ ಸಾಕುವ ಖರ್ಚು ಹುಟ್ಟುತ್ತೆ.

ಮೂರನೆಯದು ನನಗೆ ಮುಖ್ಯ. ಆ ಕುದುರೆಗೆ ಪ್ರಯಾಣ ಒಗ್ಗಿತ್ತು. ಎಷ್ಟೋ ಒಳ್ಳೆ ಕುದುರೆಗಳು ವಿಮಾನ ಇಳಿದ ಮೇಲೆ ಮೇವು ಮುಟ್ಟಲ್ಲ, ಮೈ ಇಳಿಯುತ್ತೆ, ಓಡುವ ಹೊತ್ತಿಗೆ ಅರ್ಧ ಆಗಿರುತ್ತವೆ. ಇವನು ಹಾಗಲ್ಲ. 2012ರ ಡಿಸೆಂಬರ್‌ನಲ್ಲಿ ಹಾಂಗ್‌ಕಾಂಗ್ ವಾಸ್ ಅನ್ನುವ ರೇಸ್ ಗೆದ್ದ. 2013ರ ಮಾರ್ಚ್‌ನಲ್ಲಿ ದುಬೈ ವರ್ಲ್ಡ್ ಕಪ್‌ನಲ್ಲಿ ಅಮೆರಿಕದ ಅನಿಮಲ್ ಕಿಂಗ್‌ಡಂ ಹಿಂದೆ ಎರಡನೇ ಬಂದ. ಅದು ಹುಲ್ಲಿನ ಟ್ರ್ಯಾಕ್ ಅಲ್ಲ, ಕೃತಕ ಟ್ರ್ಯಾಕ್, ಬರೀ 2000 ಮೀಟರ್. ಅದಾಗಿ ಸ್ವಲ್ಪ ದಿನಕ್ಕೇ ಜಪಾನಿನ ಕ್ಯೋಟೋದಲ್ಲಿ 3200 ಮೀಟರ್‌ನ ಟೆನ್ನೋ ಶೋ, ಅಲ್ಲಿ ಮೂರನೇ ಸ್ಥಾನ. ಜಪಾನಿನ ಹೆಸರುವಾಸಿ ಕುದುರೆ ಗೋಲ್ಡ್ ಶಿಪ್ ಅವತ್ತು ಇವನ ಹಿಂದೆ ಬಂತು. ದೇಶ ಬೇರೆ, ಹವೆ ಬೇರೆ, ನೆಲ ಬೇರೆ. ಇವನು ಮಾತ್ರ ಅವನೇ.

ಇಂಥ ಕುದುರೆ ಕೈಯಲ್ಲಿದ್ದಾಗ ಹೊರದೇಶದ ಆಸೆ ಹುಟ್ಟದೆ ಇರುತ್ತಾ? ಡನ್‌ಲಪ್ ಅವರಿಗೆ ಆ ಅಭ್ಯಾಸವೂ ಇತ್ತು. ಅವರ ಊಯಿಜಾ ಬೋರ್ಡ್ ಅಮೆರಿಕದಲ್ಲಿ ಬ್ರೀಡರ್ಸ್ ಕಪ್ ರೇಸನ್ನು ಎರಡು ಸಲ ಗೆದ್ದ ಹೆಣ್ಣು ಕುದುರೆ. ಸ್ನೋ ಫೇರಿ ಜಪಾನಿಗೆ ಹೋಗಿ ಎರಡು ವರ್ಷ ಬೆನ್ನುಬೆನ್ನಿಗೆ ಗೆದ್ದಳು. ಕುದುರೆಯನ್ನು ಹೊರಗೆ ಕರೆದೊಯ್ಯುವುದು ಆ ಲಾಯಕ್ಕೆ ಹೊಸದಲ್ಲ.

ಲಾಯದ ಮಗ:
ನಮ್ಮ ತಂದೆ ಬೆಂಗಳೂರು ರೇಸ್ ಕೋರ್ಸಿನಲ್ಲಿ ಸೈಸ್, ಅಂದ್ರೆ ಕುದುರೆ ನೋಡಿಕೊಳ್ಳುವವರು, ಆಗಿದ್ದರು. ನಾನು ಬೆಳೆದದ್ದು ಅಲ್ಲೇ. ಟ್ರೇನರ್ ಆಸೆ ಅಂದ್ರೆ ಏನು ಅಂತ ಹೊರಗಿನಿಂದ ನೋಡುವವರಿಗೆ ಗೊತ್ತಾಗಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಬೆಳಗಿನ ಜಾವ, ಇನ್ನೂ ಕತ್ತಲಿರುವಾಗ ಲಾಯದಲ್ಲಿ ಮೊದಲ ಕೆಲಸ ಮೇವಿನ ಬಾನಿ ನೋಡುವುದು. ರಾತ್ರಿ ಹಾಕಿದ್ದು ಪೂರಾ ಖಾಲಿಯಾಗಿದೆಯಾ, ಮೂಲೆಯಲ್ಲಿ ಓಟ್ಸ್ ಉಳಿದಿದೆಯಾ. ಉಳಿದಿದ್ದರೆ ಅವತ್ತು ಯಾರ ಮುಖದಲ್ಲೂ ನಗು ಇರಲ್ಲ. ಆಮೇಲೆ ಕಾಲು. ನಮ್ಮ ತಂದೆ ಕುಕ್ಕರುಗಾಲಲ್ಲಿ ಕೂತು ಮುಂಗಾಲನ್ನು ಮಂಡಿಯಿಂದ ಗೊರಸಿನ ತನಕ ಅಂಗೈಯಲ್ಲಿ ಸವರುತ್ತಿದ್ದರು. ಒಂದು ಕಾಲು, ಆಮೇಲೆ ಇನ್ನೊಂದು. ಮತ್ತೆ ಮೊದಲನೆಯದು. ಎರಡೂ ತಣ್ಣಗಿರಬೇಕು. ಒಂದರಲ್ಲಿ ಚೂರು ಬಿಸಿ ಸಿಕ್ಕರೂ ಅವತ್ತು ಗ್ಯಾಲಪ್, ಅಂದ್ರೆ ಜೋರು ಓಟ, ಇಲ್ಲ. ಟ್ರೇನರ್ ಸಾಹೇಬರು ಬಂದು "ಹೇಗಿದೆ?" ಅಂತಾರೆ. ಇವರು ತಲೆ ಆಡಿಸುತ್ತಾರೆ. ಅಷ್ಟೇ ಮಾತು. ವಯಸ್ಸಾದ ಕುದುರೆ ಆದರೆ ಈ ಕೆಲಸ ಇನ್ನೂ ನಿಧಾನ. ಅದರ ಕಾಲಲ್ಲಿ ಹಳೇ ಗಂಟುಗಳಿರುತ್ತವೆ. ಯಾವುದು ಹಳೆಯದು, ಯಾವುದು ಹೊಸದು ಅಂತ ಕೈಗೆ ಗೊತ್ತಿರಬೇಕು.

ಹಳೇ ಕುದುರೆ ಮೇಲಿನ ಆಸೆ ಎಳೇ ಕುದುರೆ ಮೇಲಿನ ಆಸೆ ಥರ ಇರಲ್ಲ. ಎಳೆಯದರ ಹತ್ತಿರ ಇನ್ನೂ ಏನೇನು ಅಡಗಿದೆಯೋ ಅನ್ನುವ ಕುತೂಹಲ. ಹಳೆಯದರ ಶಕ್ತಿ ಎಷ್ಟು ಅಂತ ಎಲ್ಲರಿಗೂ ಗೊತ್ತು. ಅದು ಇವತ್ತೂ ಉಳಿದಿದೆಯಾ ಅನ್ನುವುದೊಂದೇ ಪ್ರಶ್ನೆ. ಅದಕ್ಕೆ ಉತ್ತರ ದಿನಾ ಬೆಳಗ್ಗೆ ಹುಡುಕಬೇಕು. ಡನ್‌ಲಪ್ ಕಡೆಯವರೂ ಹುಡುಕಿಯೇ ಇರುತ್ತಾರೆ. ಕೈಗೆ ಸಿಗದ ಬಿರುಕೂ ಇರುತ್ತೆ, ಅದೇ ಸಂಕಟ.

ಮೂಕಪ್ರಾಣಿ ಪರ:
ಎಲ್ಲರ ಮಾತೂ ಓದಿದೆ. ಲಾಯದ ಮಗ ಅವರು ಬರೆದದ್ದು ಮನಸ್ಸಿಗೆ ತಟ್ಟಿತು. ಆದರೂ ನನ್ನ ಮಾತು ಹೇಳಲೇಬೇಕು.

2013ರ ಮೆಲ್ಬರ್ನ್ ಕಪ್‌ನಲ್ಲಿ ವೆರೆಮಾ ಅನ್ನುವ ಕುದುರೆಯ ಕಾಲು ಮುರಿಯಿತು, ಅಲ್ಲೇ ಸಾಯಿಸಬೇಕಾಯಿತು. 2014ರಲ್ಲಿ ಎಲ್ಲರ ಮೆಚ್ಚಿನ ಕುದುರೆ, ಜಪಾನಿನ ಅಡ್ಮೈರ್ ರಕ್ತಿ, ರೇಸ್ ಮುಗಿಸಿ ಲಾಯಕ್ಕೆ ಬಂದು ಕುಸಿದು ಸತ್ತಿತು. ಅದೇ ದಿನ ಅರಾಲ್ಡೋ ಪ್ರೇಕ್ಷಕರೊಬ್ಬರ ಬಾವುಟಕ್ಕೆ ಬೆದರಿ ಬೇಲಿಗೆ ಒದ್ದು ಕಾಲು ಮುರಿದುಕೊಂಡಿತು. ಅದನ್ನೂ ಉಳಿಸಲಾಗಲಿಲ್ಲ. ಈ ಎರಡೂ ವರ್ಷ ರೆಡ್ ಕ್ಯಾಡೋ ಅದೇ ರೇಸ್‌ನಲ್ಲಿ ಓಡಿದ್ದ. ಅವನ ಕಡೆಯವರು ಇದನ್ನೆಲ್ಲ ಕಣ್ಣಾರೆ ನೋಡಿದ್ದರು. ಆಮೇಲೂ 2015ರಲ್ಲಿ ಕರೆತಂದರು. ಎರಡನೇ ಸ್ಥಾನ ಮೂರು ಸಲ ಬಂದಿದೆ, ಹಣ ಬಂದಿದೆ, ಹೆಸರು ಬಂದಿದೆ. ಇನ್ನೇನು ಬೇಕಿತ್ತು? ಆಸೆ ಇದ್ದದ್ದು ಮನುಷ್ಯರಿಗೆ. ಕಾಲು ಇದ್ದದ್ದು ಕುದುರೆಯದು.

ಹಳೇ ಪೆವಿಲಿಯನ್:
ನಿಮ್ಮ ಮಾತಿನ ತೂಕ ನನಗೆ ಅರ್ಥ ಆಗುತ್ತೆ. ಕೊನೆಯ ಎರಡು ವಾಕ್ಯಕ್ಕೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಅವತ್ತಿನ ಲೆಕ್ಕ ಹೇಗಿತ್ತು ಅಂತ ಮಾತ್ರ ಹೇಳುತ್ತೇನೆ.

2015ರ ಏಪ್ರಿಲ್‌ನಲ್ಲಿ ಡನ್‌ಲಪ್ ಅವನನ್ನು ಸಿಡ್ನಿಯ ರ‍್ಯಾಂಡ್‌ವಿಕ್‌ಗೆ ಕರೆದೊಯ್ದಿದ್ದರು. ಕ್ವೀನ್ ಎಲಿಜಬೆತ್ ಸ್ಟೇಕ್ಸ್, 2000 ಮೀಟರ್. ಅವನ ದೂರವೇ ಅಲ್ಲ ಅದು. ಆದರೂ ಕ್ರೈಟೀರಿಯನ್ ಹಿಂದೆ ಎರಡನೇ ಬಂದ. ಅಂದ್ರೆ ಕಪ್‌ಗೆ ಏಳು ತಿಂಗಳ ಹಿಂದೆ, ಒಂಬತ್ತನೇ ವಯಸ್ಸಿನಲ್ಲಿ, ಚಿಕ್ಕ ದೂರದಲ್ಲೂ ಅವನು ಮುಂದಿನ ಸಾಲಿನವರ ಜೊತೆಗೇ ಇದ್ದ. ಇದು ಮುಗಿದುಹೋದ ಕುದುರೆಯ ಓಟ ಅಲ್ಲ.

ಇನ್ನೊಂದು ವಿಷಯ. ಅದೇ ವರ್ಷ ಡನ್‌ಲಪ್ ಲಾಯದಲ್ಲಿ ಟ್ರಿಪ್ ಟು ಪ್ಯಾರಿಸ್ ಅನ್ನುವ ಎಳೇ ಕುದುರೆ ಇತ್ತು. ಆಸ್ಕಾಟ್ ಗೋಲ್ಡ್ ಕಪ್ ಗೆದ್ದಿತ್ತು, ಕಾಲ್‌ಫೀಲ್ಡ್ ಕಪ್‌ನಲ್ಲಿ ಎರಡನೇ ಬಂದಿತ್ತು. ಮೆಲ್ಬರ್ನ್ ಕಪ್‌ಗೂ ಬಂದಿತ್ತು. ಕಪ್ ಗೆಲ್ಲಲೇಬೇಕು ಅನ್ನುವ ಹಟಕ್ಕೆ ಹಳೇ ಕುದುರೆಯನ್ನು ಹಿಂಡಿದರು ಅನ್ನುವಂತಿಲ್ಲ. ಗೆಲ್ಲುವ ಆಸೆ ಇಡಲು ಅವರ ಹತ್ತಿರ ಬೇರೆ ಕುದುರೆಯೇ ಇತ್ತಲ್ಲ?

ಮೂಕಪ್ರಾಣಿ ಪರ:
ಹಾಗಿದ್ದರೆ ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಯಿತು ಅಲ್ವಾ ಸರ್? ಬೇರೆ ಕುದುರೆ ಇದ್ದಾಗ ಇವನನ್ನು ಮನೆಯಲ್ಲೇ ಬಿಡಬಹುದಿತ್ತಲ್ಲ?

ಹಳೇ ಪೆವಿಲಿಯನ್:
ಬಿಡಬಹುದಿತ್ತು. ಅದನ್ನು ನಾನು ಅಲ್ಲಗಳೆಯಲ್ಲ. ಆದರೆ ಮನೆಯಲ್ಲಿ ಬಿಟ್ಟರೂ ಅವನು ನ್ಯೂಮಾರ್ಕೆಟ್‌ನಲ್ಲೋ ಯಾರ್ಕ್‌ನಲ್ಲೋ ಓಡುತ್ತಲೇ ಇರುತ್ತಿದ್ದ. ಅಲ್ಲೂ ಅವನು ಊರುವುದು ಅದೇ ಕಾಲನ್ನೇ. ಪ್ರಶ್ನೆ ಇರುವುದು ಓಟ ಯಾವಾಗ ನಿಲ್ಲಿಸಬೇಕು ಅನ್ನುವುದರಲ್ಲಿ. ದೂರದ ದೇಶ ಅನ್ನುವುದರಲ್ಲಿ ಅಲ್ಲ.

ಬ್ರಿಟನ್ನಿನಲ್ಲಿ ತರಬೇತಾದ ಯಾವ ಕುದುರೆಯೂ ಅಲ್ಲಿಯವರೆಗೆ ಮೆಲ್ಬರ್ನ್ ಕಪ್ ಗೆದ್ದಿರಲಿಲ್ಲ. 1993ರಲ್ಲಿ ಐರ್ಲೆಂಡಿನ ವಿಂಟೇಜ್ ಕ್ರಾಪ್ ಗೆದ್ದಿತು, ಆಮೇಲೆ ಫ್ರಾನ್ಸ್, ಜಪಾನ್, ಜರ್ಮನಿ ಕಡೆಯವೂ ಗೆದ್ದವು. ಬ್ರಿಟನ್ ಮಾತ್ರ ಕಾಯುತ್ತಲೇ ಇತ್ತು. ಆ ಕಾಯುವಿಕೆ ಮುಗಿದದ್ದು 2018ರಲ್ಲಿ, ಕ್ರಾಸ್ ಕೌಂಟರ್ ಗೆದ್ದಾಗ. ರೆಡ್ ಕ್ಯಾಡೋ 2011ರಲ್ಲಿ ಆ ಬಾಗಿಲಿಗೆ ಮೂಗು ತಾಗಿಸಿ ವಾಪಸ್ ಬಂದವನು. 2013ರಲ್ಲಿ ಗೆದ್ದ ಫಿಯೊರೆಂಟೆಗೂ ಇವನಿಗೂ ಒಂದು ಕುದುರೆ ಉದ್ದದ ಅಂತರವೂ ಇರಲಿಲ್ಲ, ಮುಕ್ಕಾಲು ಉದ್ದ. 2014ರಲ್ಲಿ ಪ್ರೊಟೆಕ್ಷನಿಸ್ಟ್ ನಾಲ್ಕು ಉದ್ದ ಮುಂದೆ ಹೋದ, ಆದರೆ ಉಳಿದ ಎಲ್ಲರೂ ರೆಡ್ ಹಿಂದೆ. ಈ ಕುದುರೆಗೊಂದು ಕಪ್ ಸಿಗಬೇಕು ಅಂತ ಟ್ರೇನರ್‌ಗೆ ಅನ್ನಿಸಿದ್ದರೆ ಅದು ದುರಾಸೆ ಅಲ್ಲ. ಅಷ್ಟು ವರ್ಷ ಜೊತೆಗಿದ್ದವರಿಗೆ ಹಾಗೆ ಅನ್ನಿಸುತ್ತೆ.

ಹಾಸನದ ಪಶುವೈದ್ಯೆ:
ನಾನು ದನ, ಎಮ್ಮೆ ಜಾಸ್ತಿ ನೋಡುವವಳು. ಕುದುರೆಯ ಕಾಲಿನ ಬಗ್ಗೆ ಓದಿದ್ದನ್ನು ಸರಳವಾಗಿ ಹೇಳುತ್ತೇನೆ.

ಕುದುರೆ ಜೋರಾಗಿ ಓಡುವಾಗ ಒಂದು ಕ್ಷಣ ಇಡೀ ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತೆ. ಆಗ ಗೊರಸಿನ ಮೇಲಿನ ಗೆಣ್ಣು ಹೆಚ್ಚುಕಮ್ಮಿ ನೆಲ ಮುಟ್ಟುವಷ್ಟು ಬಗ್ಗುತ್ತೆ. ಆ ಗೆಣ್ಣಿನ ಹಿಂದೆ ಸೆಸಮಾಯ್ಡ್ ಅನ್ನುವ ಎರಡು ಪುಟ್ಟ ಮೂಳೆಗಳಿವೆ. ಕಾಲು ಕುಸಿಯದಂತೆ ಹಿಡಿಯುವ ಪಟ್ಟಿಗಳು ಅವಕ್ಕೆ ಅಂಟಿಕೊಂಡಿರುತ್ತವೆ. ಅಭ್ಯಾಸ ಮಾಡಿದಂತೆ ಮೂಳೆ ಗಟ್ಟಿಯಾಗುತ್ತೆ, ನಿಜ. ಆದರೆ ಪ್ರತಿ ಗ್ಯಾಲಪ್‌ನಲ್ಲೂ ಕಣ್ಣಿಗೆ ಕಾಣದ ಸಣ್ಣ ಬಿರುಕುಗಳೂ ಆಗುತ್ತವೆ. ವಿಶ್ರಾಂತಿ ಸಿಕ್ಕರೆ ದೇಹ ಅದನ್ನು ತುಂಬಿಸುತ್ತೆ. ಬಿರುಕು ಬೀಳುವ ವೇಗ ಜಾಸ್ತಿಯಾಗಿ, ತುಂಬುವ ವೇಗ ಕಡಿಮೆಯಾದರೆ ಒಂದು ದಿನ ಮೂಳೆ ಕೈಕೊಡುತ್ತೆ. ಎಷ್ಟೋ ಸಲ ಹೊರಗೆ ಕುಂಟು ಇರಲ್ಲ, ಊತ ಇರಲ್ಲ, ಬಿಸಿ ಇರಲ್ಲ. ಹಾಗಾಗಿ ಲಾಯದ ಮಗ ಅವರು ಹೇಳಿದ ಅಂಗೈ ಪರೀಕ್ಷೆ ಬಹಳ ಬೆಲೆಯುಳ್ಳದ್ದು, ಆದರೆ ಅದಕ್ಕೂ ಮಿತಿ ಇದೆ.

ಕುದುರೆಗೆ ಕಾಲು ಮುರಿದರೆ ಯಾಕೆ ಉಳಿಸಲು ಕಷ್ಟ ಅಂತ ಜನ ಕೇಳುತ್ತಾರೆ. ಅದು ತಿಂಗಳುಗಟ್ಟಲೆ ಮಲಗಿರುವ ಪ್ರಾಣಿ ಅಲ್ಲ. 500 ಕೆಜಿ ತೂಕ ಮೂರು ಕಾಲಿನ ಮೇಲೆ ನಿಂತರೆ ಚೆನ್ನಾಗಿರುವ ಕಾಲಿನ ಗೊರಸೂ ಹಾಳಾಗುತ್ತೆ. ಗೆಣ್ಣಿನ ಕೆಳಗೆ ಮಾಂಸ ಇಲ್ಲ, ರಕ್ತ ಓಡಾಟ ಕಡಿಮೆ, ಗಾಯ ಮಾಯುವುದು ನಿಧಾನ.

ಮೆಲ್ಬರ್ನ್ ಕನ್ನಡತಿ:
2015ರ ನವೆಂಬರ್ 3ರಂದು ನಾನು ಕಪ್ ನಡೆಯುವ ಫ್ಲೆಮಿಂಗ್ಟನ್ ಮೈದಾನದಲ್ಲೇ ಇದ್ದೆ. ಆ ದಿನದ್ದು ವಿಚಿತ್ರ ಸಂಕಟ. ಪ್ರಿನ್ಸ್ ಆಫ್ ಪೆನ್‌ಜಾನ್ಸ್ ಗೆದ್ದ. ಅವನ ಮೇಲೆ ಮಿಶೆಲ್ ಪೇನ್. ಕಪ್ ಗೆದ್ದ ಮೊದಲ ಮಹಿಳಾ ಜಾಕಿ. ಬೆಟ್ಟಿಂಗ್‌ನಲ್ಲಿ 100ಕ್ಕೆ 1ರ ದರದಲ್ಲಿದ್ದ ಕುದುರೆ. ಇಡೀ ಮೈದಾನ ಎದ್ದು ಕೂಗುತ್ತಿತ್ತು. ನನ್ನ ಪಕ್ಕದಲ್ಲಿದ್ದ ಹೆಂಗಸು ಅಳುತ್ತಿದ್ದರು, ಮಿಶೆಲ್‌ಗಾಗಿ ಅಂದುಕೊಂಡೆ. ಅವರು ಕೈ ತೋರಿಸಿದರು. ಟ್ರ್ಯಾಕ್‌ನಲ್ಲಿ ಹಿಂದೆ ಜಾಕಿ ಜೆರಾಲ್ಡ್ ಮೊಸೆ ಲಗಾಮು ಎಳೆದು ರೆಡ್‌ನನ್ನು ನಿಲ್ಲಿಸಿ ಕೆಳಗಿಳಿದಿದ್ದರು. ಹಿಂದಿನ ಎರಡು ವರ್ಷ ಅವನನ್ನು ಎರಡನೇ ಸ್ಥಾನಕ್ಕೆ ತಂದದ್ದೂ, ಹಾಂಗ್‌ಕಾಂಗ್‌ನಲ್ಲಿ ಗೆಲ್ಲಿಸಿದ್ದೂ ಅವರೇ.

ಎಡ ಮುಂಗಾಲು, ಗೆಣ್ಣಿನ ಹತ್ತಿರ. ವೆರಿಬಿಯಲ್ಲಿರುವ ವಿಶ್ವವಿದ್ಯಾಲಯದ ಕುದುರೆ ಆಸ್ಪತ್ರೆಗೆ ಕರೆದೊಯ್ದರು. ಆಪರೇಷನ್ ಆಯಿತು, ಚೇತರಿಸಿಕೊಳ್ಳುತ್ತಿದ್ದಾನೆ ಅಂತ ಸುದ್ದಿ ಬಂತು. ಇಲ್ಲಿ ಎಲ್ಲರೂ ದಿನಾ ಅದನ್ನೇ ಕೇಳುತ್ತಿದ್ದರು. ಹುಷಾರಾದರೆ ಮೆಲ್ಬರ್ನ್ ಹತ್ತಿರದ ಲಿವಿಂಗ್ ಲೆಜೆಂಡ್ಸ್‌ನಲ್ಲಿ, ನಿವೃತ್ತ ಕುದುರೆಗಳು ಹುಲ್ಲು ಮೇಯುವ ಜಾಗದಲ್ಲಿ, ಇರಿಸುವ ಮಾತಿತ್ತು. ಆದರೆ ತೊಡಕು ಬಂತು. ನವೆಂಬರ್ 21ಕ್ಕೆ ಅವನ ನೋವು ಮುಗಿಸಿದರು.

ಅದೇ ರೇಸ್‌ನಲ್ಲಿ ಟ್ರಿಪ್ ಟು ಪ್ಯಾರಿಸ್ ನಾಲ್ಕನೇ ಬಂದಿದ್ದ. ಡನ್‌ಲಪ್ ಅವತ್ತು ಯಾವ ಕುದುರೆ ಕಡೆ ಓಡಬೇಕಿತ್ತು, ಯೋಚಿಸಿ.

ಸುತ್ತಾಟದ ಸುಬ್ಬು:
ಇನ್ನೊಂದು ಉದಾಹರಣೆ ಸೇರಿಸುತ್ತೇನೆ. ಆಸ್ಟ್ರೇಲಿಯಾದ ಟೇಕೋವರ್ ಟಾರ್ಗೆಟ್. ಟ್ರೇನರ್ ಜೋ ಜಾನಿಯಾಕ್ ಟ್ಯಾಕ್ಸಿ ಓಡಿಸುತ್ತಿದ್ದವರು. ಕಾಲು ಸರಿಯಿಲ್ಲ ಅಂತ ಯಾರಿಗೂ ಬೇಡವಾಗಿದ್ದ ಕುದುರೆಯನ್ನು ಸಾವಿರ ಚಿಲ್ಲರೆ ಡಾಲರ್‌ಗೆ ಕೊಂಡರು. ಅದು 2006ರಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಕಾಟ್‌ನಲ್ಲಿ ಕಿಂಗ್ಸ್ ಸ್ಟ್ಯಾಂಡ್ ಗೆದ್ದಿತು, ಅದೇ ವರ್ಷ ಜಪಾನಿನಲ್ಲಿ ಸ್ಪ್ರಿಂಟರ್ಸ್ ಸ್ಟೇಕ್ಸ್, 2008ರಲ್ಲಿ ಸಿಂಗಾಪುರದಲ್ಲಿ ಕ್ರಿಸ್‌ಫ್ಲೈಯರ್. 2009ರ ಮೇ ತಿಂಗಳಲ್ಲಿ, ಒಂಬತ್ತನೇ ವಯಸ್ಸಿನಲ್ಲಿ, ಅಡಿಲೇಡ್‌ನಲ್ಲಿ ದೊಡ್ಡ ರೇಸ್ ಗೆದ್ದಿತು. ಆಮೇಲೆ ಮತ್ತೆ ಇಂಗ್ಲೆಂಡಿಗೆ ಹೋದಾಗ ನ್ಯೂಮಾರ್ಕೆಟ್‌ನ ಜುಲೈ ಕಪ್‌ನಲ್ಲಿ ಕಾಲಿಗೆ ಪೆಟ್ಟಾಯಿತು. ಅದೃಷ್ಟಕ್ಕೆ ಬದುಕಿತು, ಮನೆಗೆ ಬಂತು. ವಯಸ್ಸಿಗೆ ತಕ್ಕ ಹಾಗೆ ಕುದುರೆ ಇಳಿಯುತ್ತಾ ಬಂದರೆ ಟ್ರೇನರ್‌ಗೆ ನಿಲ್ಲಿಸುವುದು ಸುಲಭ. ಎರಡು ತಿಂಗಳ ಹಿಂದೆ ಗೆದ್ದ ಕುದುರೆಯನ್ನು ನಿಲ್ಲಿಸಿ ಅಂತ ಯಾರು ಹೇಳುತ್ತಾರೆ?

ಕುಣಿಗಲ್ ಹುಡುಗ:
ಒಂಬತ್ತು ವರ್ಷ ಅಂದ್ರೆ ಕುದುರೆಗೆ ನಿಜವಾಗಿ ಮುದಿ ವಯಸ್ಸಾ? ನಮ್ಮ ಬೆಂಗಳೂರಿನ ಫೌಆದ್ ಮಿರ್ಜಾ ಟೋಕಿಯೋ ಒಲಿಂಪಿಕ್ಸ್‌ಗೆ ತೆಗೆದುಕೊಂಡು ಹೋದ ಕುದುರೆಗೆ 15 ವರ್ಷ ಅಂತ ಓದಿದ ನೆನಪು.

ಹಾಸನದ ಪಶುವೈದ್ಯೆ:
ಹೌದು, ಸೆನ್ಯೋರ್ ಮೆಡಿಕಾಟ್. ಅವನೂ 2006ರಲ್ಲೇ ಹುಟ್ಟಿದವನು, ರೆಡ್ ಕ್ಯಾಡೋ ವಾರಿಗೆಯವನು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಫೌಆದ್‌ಗೆ ಎರಡು ಬೆಳ್ಳಿ ತಂದುಕೊಟ್ಟ, ಟೋಕಿಯೋದಲ್ಲಿ ಫೈನಲ್ ತನಕ ಹೋಗಿ 23ನೇ ಸ್ಥಾನ ಪಡೆದ. ಆದರೆ ಅದು ಈವೆಂಟಿಂಗ್, ಕುದುರೆ ಸವಾರಿಯ ಮೂರು ಬಗೆಯ ಪರೀಕ್ಷೆ ಇರುವ ಸ್ಪರ್ಧೆ. ಅಲ್ಲಿ ಕಲಿಕೆ, ಸಮತೋಲನ, ಸವಾರನ ಜೊತೆಗಿನ ಹೊಂದಾಣಿಕೆ ಮುಖ್ಯ, ಕುದುರೆ ಪಳಗುವುದೇ ತಡವಾಗಿ. ಫ್ಲಾಟ್ ರೇಸ್‌ನ, ಅಂದ್ರೆ ಬೇಲಿ ಹಾರದೆ ಬರೀ ಓಡುವ ರೇಸ್‌ನ, ಕುದುರೆ ಎರಡು ವರ್ಷಕ್ಕೇ ಓಟ ಶುರು ಮಾಡುತ್ತೆ, ವೇಗವೂ ಬಹಳ ಜಾಸ್ತಿ. ಕುದುರೆ 25 ವರ್ಷ ಬದುಕಬಲ್ಲ ಪ್ರಾಣಿ. ಒಂಬತ್ತಕ್ಕೆ ಅದು ಮುದುಕ ಅಲ್ಲ, ರೇಸ್ ಕುದುರೆಯಾಗಿ ಹಿರಿಯ.

ಇನ್ನೊಂದು ಮಾತು. 2020ರಲ್ಲಿ ಆಂಥನಿ ವ್ಯಾನ್ ಡೈಕ್ ಅನ್ನುವ ಕುದುರೆ ಮೆಲ್ಬರ್ನ್ ಕಪ್‌ನಲ್ಲಿ ಸತ್ತ ಮೇಲೆ ಅಲ್ಲಿನವರು ನಿಯಮ ಬಿಗಿ ಮಾಡಿದರು. ಹೊರದೇಶದಿಂದ ಬರುವ ಕುದುರೆಗಳ ಕಾಲಿಗೆ ಸಿಟಿ ಸ್ಕ್ಯಾನ್ ಕಡ್ಡಾಯ ಮಾಡಿದರು. ಕುದುರೆ ನಿಂತಂತೆಯೇ ಕಾಲನ್ನು ಸ್ಕ್ಯಾನ್ ಮಾಡುವ ಯಂತ್ರಗಳು ಬಂದಿವೆ. ಅಂಗೈಗೆ ಸಿಗದ ಬಿರುಕು ಅದರಲ್ಲಿ ಕಾಣಬಹುದು. ಸ್ಕ್ಯಾನ್ ಸರಿಯಿಲ್ಲದಿದ್ದರೆ ಟ್ರೇನರ್ ಎಷ್ಟೇ ಕೇಳಿಕೊಂಡರೂ ಕುದುರೆ ಓಡುವ ಹಾಗಿಲ್ಲ.

ಮೂಕಪ್ರಾಣಿ ಪರ:
ಇದು ನನಗೆ ಸಮಾಧಾನ ಕೊಟ್ಟ ಮೊದಲ ವಿಷಯ. ನಿಲ್ಲಿಸುವ ಅಧಿಕಾರ ಆಸೆ ಇಟ್ಟವರ ಕೈಯಲ್ಲಿ ಮಾತ್ರ ಇರಬಾರದು. ಕುದುರೆಯನ್ನು ಪ್ರೀತಿಸುವವರಿಗೇ ಬೇಡ ಅನ್ನುವುದು ಕಷ್ಟ. ಹೊರಗಿನ ವೈದ್ಯರು ಹೇಳಲಿ. ಆದರೂ 2015ರಲ್ಲಿ ಕರೆತಂದದ್ದು ಸರಿ ಅಂತ ನಾನು ಒಪ್ಪಲ್ಲ.

ಹಳೇ ಪೆವಿಲಿಯನ್:
ಒಪ್ಪಬೇಡಿ ಮೇಡಂ. ಅಧಿಕಾರದ ಬಗ್ಗೆ ನೀವು ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದರ ಜೊತೆ ನನ್ನದೊಂದು ಬೇಡಿಕೆ ಸೇರಿಸಿ. ವಯಸ್ಸಾದ ಕುದುರೆ ವಿಮಾನ ಹತ್ತುವ ಮೊದಲೇ ಅದರ ನಿವೃತ್ತಿ ಎಲ್ಲಿ, ಯಾರ ಖರ್ಚಿನಲ್ಲಿ ಅಂತ ಮಾಲೀಕರು ಬರೆದುಕೊಡಬೇಕು. ನಮ್ಮ ಬೆಂಗಳೂರು, ಮೈಸೂರಲ್ಲೂ ಇದು ಬೇಕು. ರೇಸ್ ಮುಗಿದ ಕುದುರೆಗಳ ಗತಿ ಏನಾಗುತ್ತೆ ಅಂತ ಇಲ್ಲಿ ಬಹಳ ಜನ ಕೇಳುವುದೇ ಇಲ್ಲ. ಲಾಯದ ಮಗ ಅವರೇ, ನೀವು ಅದರ ಬಗ್ಗೆ ಬೇರೆ ಚರ್ಚೆ ಶುರು ಮಾಡಿದರೆ ನಾನು ಮೊದಲು ಬರುತ್ತೇನೆ.

ಲಾಯದ ಮಗ:
ಮಾಡುತ್ತೇನೆ ಸರ್. ತಂದೆಯವರ ಹತ್ತಿರ ಕೂತು ಕೇಳಿ ಬರೆಯಬೇಕು, ಈ ವಾರ ಊರಿಗೆ ಹೋಗುತ್ತಿದ್ದೇನೆ.

ಕುಣಿಗಲ್ ಹುಡುಗ:
ನಾನು ಇವನ ಯಾವ ರೇಸನ್ನೂ ನೋಡಿಲ್ಲ. ಯಾವುದರಿಂದ ಶುರು ಮಾಡಲಿ?

ಹಳೇ ಪೆವಿಲಿಯನ್:
2012ರ ಹಾಂಗ್‌ಕಾಂಗ್ ವಾಸ್. ಅವನು ಗೆದ್ದದ್ದು. ಆಮೇಲೆ 2011ರ ಮೆಲ್ಬರ್ನ್ ಕಪ್, ಕೊನೆಯ 400 ಮೀಟರ್ ಎರಡು ಸಲ ನೋಡು.